ಕಿಂಡಿಗೆ ಹಚ್ಚಿದ ಟೇಪು

ನನ್ನ ಭಾವನಿಗೆ ನಮ್ಮ ಮನೆಯಲ್ಲಿ ಚಿಲಕ ಎಂದು ಹೆಸರು. ಇಟ್ಟವಳು ನಾನೇ. ಎದುರಿಗೆ 'ಭಾವ, ನೀವು' ಅನ್ನುತ್ತೇನೆ, ಇಲ್ಲಿ ಬರೆಯುವಾಗ ಆ ಮರ್ಯಾದೆಯ ದಂಡ ತೆರಬೇಕಾಗಿಲ್ಲ. ಮುದ್ರಣಾಲಯವೊಂದರ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಕೂತು, ಒಂದು ಡಬ್ಬಿ ಗುಂಡುಪಿನ್ನು ಬೇಕೆಂದು ಬಂದವರಿಂದ ಮೂರು ಸಹಿ ಹಾಕಿಸಿಕೊಂಡು, ಕೊನೆಗೆ ಪಿನ್ನು ಮುಗಿದಿದೆ ಎಂದು ವಾಪಸ್ ಕಳಿಸುತ್ತಿದ್ದ ಮನುಷ್ಯ. ನಿವೃತ್ತನಾದ ಮೇಲೆ ಬೀಗ ಹಾಕಲು ಏನೂ ಇಲ್ಲದೆ ಒಂದು ವರ್ಷ ಒದ್ದಾಡಿದ. ಆಮೇಲೆ ಕ್ಯಾರವಾನ್ ಕೊಂಡ.

ಅದೊಂದು ಬಿಳಿ ಡಬ್ಬಿ, ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಒಳಗೆ ಇಬ್ಬರು ಮಲಗುವ ಹಾಸಿಗೆ, ಮಡಚುವ ಮೇಜು, ಎರಡು ಉರಿಯ ಗ್ಯಾಸ್ ಒಲೆ, ಬಾಗಿಲ ಪಕ್ಕದಲ್ಲಿ ಹೊಗೆಕೊಳವೆ ಇಲ್ಲದ ಒಂದು ಗ್ಯಾಸ್ ಹೀಟರ್. ಅದನ್ನು ಎಳೆದುಕೊಂಡು, ಊರುಗಳೇ ಇಲ್ಲದ ಬಯಲಿನ ಮಣ್ಣುರಸ್ತೆಯಲ್ಲಿ ಹತ್ತು ದಿನ ಹೋಗಿ ಬರುವುದೆಂದು ತೀರ್ಮಾನಿಸಿದ. ಜನರನ್ನು ಕಂಡರೆ ಜೇಬು ಮುಟ್ಟಿ ನೋಡಿಕೊಳ್ಳುವವನಿಗೆ ಜನರೇ ಇಲ್ಲದ ಜಾಗ ಹಿತವಾಗಬೇಕಿತ್ತು. ಆದರೆ ಯಾರೂ ಇಲ್ಲ ಅಂದರೆ ಎಲ್ಲರೂ ಅವಿತುಕೊಂಡಿದ್ದಾರೆ ಎಂದೇ ಅವನ ಲೆಕ್ಕ.

ಅಕ್ಕ ಫೋನ್ ಮಾಡಿ, "ನೀನೂ ಬಾರೇ," ಎಂದಳು.

"ನಾನ್ಯಾಕೆ? ಅದ್ರೊಳಗೆ ಮಲಗೋಕೆ ಇಬ್ಬರಿಗೇ ಜಾಗ."

"ಜೀಪಲ್ಲಿ ಮಲಗು. ನೀನು ಬರ್ದೇ ಇದ್ರೆ ಹತ್ತು ದಿನ ನಾನು ಆ ಡಬ್ಬಿಯೊಳಗೆ ಅವರ ಜೊತೆ ಒಬ್ಳೇ ಇರ್ಬೇಕು. ಪುಣ್ಯ ಕಟ್ಕೋ."

ಅಕ್ಕನಿಗೆ ನಾನು ಯಾವತ್ತೂ ಇಲ್ಲ ಅಂದವಳಲ್ಲ. ರಜೆ ಹಾಕಿದೆ. ನನ್ನ ಕೆಲಸ ಗ್ಯಾಸ್ ಏಜೆನ್ಸಿಯಲ್ಲಿ. ಮನೆಮನೆಗೆ ಹೋಗಿ ಒಲೆ, ಪೈಪು, ರೆಗ್ಯುಲೇಟರು ನೋಡುವುದು, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಎಂದು ಪರೀಕ್ಷಿಸುವುದು, ಕೊನೆಗೆ ಒಂದು ಕಾಗದದಲ್ಲಿರುವ ಏಳು ಎಚ್ಚರಿಕೆಯ ಮಾತು ಓದಿ ಮನೆಯವರ ಸಹಿ ತೆಗೆದುಕೊಳ್ಳುವುದು. ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ. ಭಾವನ ಬಾಯಲ್ಲಿ ಇದು 'ಒಲೆ ರಿಪೇರಿ'. ಯಾರಿಗಾದರೂ ನನ್ನ ಪರಿಚಯ ಮಾಡಿಸುವಾಗ, "ಇವಳು ನನ್ನ ನಾದಿನಿ, ಒಲೆ ರಿಪೇರಿ ಮಾಡ್ತಾಳೆ," ಎಂದು ಹಲ್ಲು ಕಿರಿಯುತ್ತಾನೆ.

ಹೊರಟ ದಿನವೇ ಅವನ ನಿಯಮಗಳ ಹಾಳೆ ಹೊರಬಂತು. ಪ್ಲಾಸ್ಟಿಕ್ ಹೊದಿಸಿ ಬಾಗಿಲ ಒಳಗೆ ನೇತುಹಾಕಿದ್ದ. ಇಪ್ಪತ್ತೇಳು ನಿಯಮ. ಅವನಂಥವರೇ ಮುನ್ನೂರು ಜನ ಸೇರಿಕೊಂಡು ದಿನವಿಡೀ ಒಬ್ಬರನ್ನೊಬ್ಬರು ಹೆದರಿಸುವ ಒಂದು ಫೋನ್ ಗುಂಪು ಇದೆ, ಅದರಿಂದ ಹೆಕ್ಕಿ ಹೆಕ್ಕಿ ಬರೆದದ್ದು. ಗಾಡಿ ನಿಲ್ಲಿಸಿದ ಕೂಡಲೇ ಬಾಗಿಲ ಹೊರಗೆ ಹನ್ನೊಂದನೇ ನಂಬರಿನ, ಕೆಸರು ಮೆತ್ತಿದ ಎರಡು ಬೂಟು ಇಡಬೇಕು, ಒಳಗೆ ದೈತ್ಯನೊಬ್ಬ ಇದ್ದಾನೆ ಎಂದು ಕಳ್ಳರು ತಿಳಿದುಕೊಳ್ಳಲಿ ಎಂದು. ಭಾವನ ಪಾದ ಏಳನೇ ನಂಬರು. ಬೂಟಿನ ಪಕ್ಕ ಒಂದು ದೊಡ್ಡ ನಾಯಿ ಬಟ್ಟಲು. ನಾಯಿ ಇಲ್ಲ. ಇಲ್ಲದ ನಾಯಿಗೆ ನಿತ್ಯ ನೀರು ಹಾಕುವ ಕೆಲಸ ಅಕ್ಕನದು, ಕುಡಿದಂತೆ ಕಾಣಲಿ ಎಂದು ಸಂಜೆ ಅರ್ಧ ಚೆಲ್ಲುವ ಕೆಲಸವೂ ಅವಳದೇ. ಎರಡನೇ ದಿನ ಅವಳು ನೀರು ಹಾಕಿ, "ಕುಡಿ ಮರೀ," ಅಂದಳು. ನಾವಿಬ್ಬರೂ ಜೀಪಿಗೆ ಒರಗಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಹೊರಬಂದು, "ಸುರಕ್ಷತೆ ತಮಾಷೆ ಅಲ್ಲ," ಎಂದು ಗದರಿದ.

ಇನ್ನೊಂದು ನಿಯಮ, ಎಲ್ಲಿದ್ದೇವೆ, ಎಲ್ಲಿಗೆ ಹೋಗುತ್ತೇವೆ ಎಂದು ಒಬ್ಬರಿಗೂ ಹೇಳಬಾರದು. ಯಾರೂ ಇಲ್ಲದ ಕಡೆ ಹೋಗುವ ಯಾರೇ ಆದರೂ ಮೊದಲು ಮಾಡುವ ಕೆಲಸ ಒಬ್ಬರಿಗೆ ಹೇಳಿ ಹೋಗುವುದು. ಇವನು ನಮ್ಮ ತಮ್ಮನಿಗೂ ಸುಳ್ಳು ದಾರಿ ಹೇಳಿ ಬಂದಿದ್ದ. ಬಾಗಿಲಿಗೆ ನಾಲ್ಕು ಬೀಗ, ಒಳಗೆ ಎರಡು ಅಗುಳಿ, ಮೇಲೆ ಕ್ಯಾಮೆರಾ, ಚಕ್ರಕ್ಕೆ ಕಬ್ಬಿಣದ ಬಳೆ. ಬಾಗಿಲು ತೆರೆಯಬೇಕಾದರೆ ಹೊರಗಿದ್ದವರು ಆ ದಿನದ ಗುಟ್ಟಿನ ಮಾತು ಹೇಳಬೇಕು. ಇಷ್ಟೆಲ್ಲ ಇದ್ದ ಗಾಡಿಯಲ್ಲಿ, ಒಳಗಿನ ಗಾಳಿ ಕೆಟ್ಟರೆ ಕೂಗುವ ಅಂಗೈಯಗಲದ ಅಲಾರಂ ಒಂದು ಇರಲಿಲ್ಲ. ಕೆಡುಕು ಹೊರಗಿನಿಂದಲೇ ಬರಬೇಕು ಎಂದು ಅವನು ನಂಬಿದ್ದ.

ಮಂಗಳವಾರ ಬೆಳಿಗ್ಗೆ ನಾನು ಗಾಡಿಯ ಅಡಿಗೆ ನುಸುಳಿದೆ. ಯಾರೂ ಹೇಳಿರಲಿಲ್ಲ, ಅಭ್ಯಾಸಬಲ. ರಸ್ತೆಯ ಕುಲುಕಾಟಕ್ಕೆ ಗ್ಯಾಸ್ ಪೈಪು ಸಡಿಲವಾಗಿರಬಹುದು ಎಂದು ಸೋಪಿನ ನೀರು ಹಿಡಿದುಕೊಂಡು ಹೋಗಿದ್ದೆ. ಪೈಪು ಸರಿಯಾಗಿತ್ತು. ಆದರೆ ನೆಲದಲ್ಲಿ ಗಾಳಿಯಾಡಲು ಬಿಟ್ಟ ಎರಡು ಕಿಂಡಿಗೂ ಅಡಿಯಿಂದ ಕಂದು ಟೇಪು ಹಚ್ಚಿತ್ತು. ಎರಡು ಪದರ, ಅಂಚು ಕತ್ತರಿಯಿಂದ ನೇರ ಮಾಡಿದ್ದು. ಮೇಲೆ ಕಪ್ಪು ಶಾಯಿಯಲ್ಲಿ ಅವನ ಸಹಿ ಮತ್ತು ದಿನಾಂಕ. ಉಗ್ರಾಣದಲ್ಲಿ ಪೆಟ್ಟಿಗೆಗೆ ಮೊಹರು ಮಾಡುತ್ತಿದ್ದ ಹಾಗೆಯೇ. ಒಳಗೆ ಹೋಗಿ ನೋಡಿದರೆ ಗೋಡೆಯ ಕಿಂಡಿಗೂ ಅದೇ ಟೇಪು, ಅದೇ ಸಹಿ.

"ಭಾವ, ಇದ್ಯಾಕೆ ಮುಚ್ಚಿದ್ದೀರಿ?"

ಅವನು ಬಾಗಿಲ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಗ್ಯಾಸ್."

"ಯಾವ ಗ್ಯಾಸ್?"

"ಕಳ್ಳರು ಬಿಡೋ ಗ್ಯಾಸ್. ಮಲಗಿರೋವಾಗ ಕಿಂಡಿಯಿಂದ ಒಳಗೆ ಬಿಡ್ತಾರೆ. ಎಲ್ಲರೂ ಮೂರ್ಛೆ. ಆಮೇಲೆ ಆರಾಮಾಗಿ ಬಂದು ದೋಚ್ಕೊಂಡು ಹೋಗ್ತಾರೆ. ನಮ್ಮ ಗುಂಪಲ್ಲಿ ಎಷ್ಟು ಜನಕ್ಕೆ ಆಗಿದೆ ಗೊತ್ತಾ?"

"ಎಷ್ಟು ಜನಕ್ಕೆ?"

"ಕೇಳಿದವರು ಬೇಕಾದಷ್ಟು ಜನ ಇದ್ದಾರೆ."

ನನಗೆ ನಗು ತಡೆಯಲಾಗಲಿಲ್ಲ. ಅದೇ ತಪ್ಪಾಯಿತು. "ಭಾವ, ಒಳಗೆ ಒಲೆ ಇದೆ, ಹೀಟರ್ ಇದೆ. ಕಿಂಡಿ ಮುಚ್ಚಿದ್ರೆ..." ಎಂದು ಶುರುಮಾಡಿದೆ. ಅವನು ಕೈಯೆತ್ತಿ ತಡೆದ. "ಒಲೆ ರಿಪೇರಿ ಬೇರೆ, ಭದ್ರತೆ ಬೇರೆ. ನಿನ್ನ ಕೆಲಸ ನೀನು ನೋಡ್ಕೋ." ಇಲ್ಲದ ಪಿನ್ನಿಗೆ ಮೂರು ಸಹಿ ಕೇಳುವ ಮುಖವದು. ನನ್ನ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷ ಪರರ ಅಡುಗೆಮನೆಯಲ್ಲಿ ಮಂಡಿಯೂರಿ ಕಲಿತದ್ದನ್ನು ಈ ಚಿಲಕನ ಮುಂದೆ ಗೋಗರೆದು ಹೇಳಬೇಕೇ? ಬೇಕಾದರೆ ಕೇಳಲಿ ಎಂದು ಬಾಯಿ ಮುಚ್ಚಿಕೊಂಡೆ. ಹೇಗೂ ಹೀಟರ್ ಹಾಕುವಷ್ಟು ಚಳಿ ಇರಲಿಲ್ಲ.

ಬುಧವಾರ ಸಣ್ಣಗೆ ಮಳೆ ಬಂತು. ಅಕ್ಕ ಕಿಟಕಿ ಹಾಕಿಕೊಂಡು ಒಳಗೇ ಅಡುಗೆ ಮಾಡಿದಳು. ಒಂದು ಗಂಟೆಯ ಮೇಲೆ ಹೊರಗೆ ಬಂದು, "ತಲೆ ಸಿಡೀತಿದೆ ಕಣೇ, ಹೊಟ್ಟೆ ತೊಳಸ್ತಿದೆ," ಎಂದು ಮೆಟ್ಟಿಲ ಮೇಲೆ ಕೂತಳು. ಕೆನ್ನೆ ಕೆಂಪಾಗಿತ್ತು.

"ಗ್ಯಾಸ್ ಆಗಿರ್ಬೇಕು," ಎಂದ ಭಾವ. ಈ ಸಲ ಹೊಟ್ಟೆಯ ಗ್ಯಾಸು. ಒಂದು ಮಾತ್ರೆ ತಂದು ಕೊಟ್ಟ, ನುಂಗಿದ್ದನ್ನು ನಿಂತು ನೋಡಿದ.

ಅದು ಯಾವ ಗ್ಯಾಸು ಎಂದು ನನಗೆ ಗೊತ್ತಿತ್ತು. ಅಕ್ಕನನ್ನು ಕೈಹಿಡಿದು ಗಾಳಿಗೆ ಓಡಾಡಿಸಿದೆ. ಅರ್ಧ ಗಂಟೆಯಲ್ಲಿ ತಲೆನೋವು ಹೋಯಿತು. "ಮಾತ್ರೆ ಕೆಲಸ ಮಾಡ್ತು," ಎಂದಳು ಅಕ್ಕ. ಅವನು ಎದೆಯುಬ್ಬಿಸಿದ. ಆಗ ಹೇಳಬಹುದಿತ್ತು. ಇನ್ನೊಂದು ಸಲ 'ಒಲೆ ರಿಪೇರಿ' ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಇವನಿಗೇ ಒಂದು ಸಲ ತಲೆ ಗಿರ್ ಎನ್ನಲಿ, ಆಗ ಬುದ್ಧಿ ಬರುತ್ತದೆ ಎಂದೂ ಅನ್ನಿಸಿತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಗುರುವಾರ ರಸ್ತೆ ಸಮ ಮಾಡುವ ದೊಡ್ಡ ಹಳದಿ ಯಂತ್ರ ಎದುರಿಗೆ ಬಂತು. ಓಡಿಸುತ್ತಿದ್ದವಳು ಒಬ್ಬ ದಪ್ಪ ಹೆಂಗಸು, ಹಲ್ಲಿನ ನಡುವೆ ಕಡ್ಡಿ ಕಚ್ಚಿಕೊಂಡಿದ್ದಳು. ಯಂತ್ರ ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದಳು. ಮುಂದೆ ಎತ್ತರದ ಬಯಲಲ್ಲಿ ಚಳಿಗಾಳಿ ಎದ್ದಿದೆ, ಫೋನೂ ಸಿಗಲ್ಲ, ತನ್ನ ಹತ್ತಿರ ರೇಡಿಯೋ ಇದೆ, ಯಾವ ಕಡೆ ನಿಲ್ಲುತ್ತೀರಿ ಎಂದು ಹೇಳಿದರೆ ನೋಡಿಕೊಂಡು ಹೋಗುತ್ತೇನೆ ಅಂದಳು. ಭಾವ ಕಿಟಕಿಯ ಗಾಜನ್ನು ಎರಡು ಬೆರಳು ಇಳಿಸಿ, "ನಾವು ವಾಪಸ್ ಹೋಗ್ತಿದ್ದೀವಿ," ಎಂದ. ಜೀಪಿನ ಮೂತಿ ಮುಂದಕ್ಕಿತ್ತು. ಅವಳು ಮೂತಿ ನೋಡಿದಳು, ಅವನನ್ನು ನೋಡಿದಳು, "ಸರಿ," ಎಂದು ಹೊರಟಳು. "ನೋಡಿದ್ಯಾ, ಹೇಗೆ ಬಾಯಿ ಬಿಡಿಸೋಕೆ ನೋಡಿದ್ಳು?" ಎಂದು ಅವನು ಮೈಲಿಗಟ್ಟಲೆ ಹೇಳುತ್ತಾ ಬಂದ.

ಶುಕ್ರವಾರ ಮಧ್ಯಾಹ್ನ ಎತ್ತರದ ಬಯಲು ತಲುಪಿದೆವು. ಗಾಳಿ ಮೂಳೆಗೆ ನಾಟುವಂತಿತ್ತು. ಊಟ ಮುಗಿಸಿ ಅಕ್ಕ, "ಹೀಟರ್ ಹಾಕ್ಕೊಂಡು ಸ್ವಲ್ಪ ಹೊತ್ತು ಮಲಗ್ತೀನಿ," ಎಂದಳು. ಭಾವನಿಗೆ ಅದು 'ಸುತ್ತು' ಹಾಕುವ ಹೊತ್ತು. ದುರ್ಬೀನು ಹಿಡಿದು ಗಾಡಿಯ ಸುತ್ತಲಿನ ಬಯಲನ್ನು ಪರಿಶೀಲಿಸುವುದು. ಒಬ್ಬರೇ ಹೋಗಬಾರದೆಂಬ ನಿಯಮದಿಂದಾಗಿ ನಾನು ಜೊತೆಗೆ ಹೋಗಬೇಕಿತ್ತು.

ನಾವು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಒಳಗೆ ಹೀಟರ್ ಹೊತ್ತಿಸುವ ಟಕ್ ಟಕ್ ಕೇಳಿಸಿತು. ನನ್ನ ಕೈ ನಿಂತಿತು. "ಅಕ್ಕಾ, ಕಿಟಕಿ ಒಂಚೂರು ತೆಗೆದಿಟ್ಕೋ," ಎಂದು ಕೂಗಿದೆ.

"ಬೇಡ," ಎಂದ ಭಾವ. "ನಿಯಮ ಹದಿನಾಲ್ಕು. ಒಬ್ಬರೇ ಇದ್ದಾಗ ಕಿಟಕಿ ತೆಗೀಬಾರದು."

ನಾನು ಅವನ ಮುಖ ನೋಡಿದೆ. ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. "ನಿಮ್ಮ ಗಾಡಿ, ನಿಮ್ಮ ನಿಯಮ," ಎಂದು ಕೊಂಕಾಗಿ ಹೇಳಿ ಎದ್ದೆ. ಬೇಗ ಹೋಗಿ ಬೇಗ ಬಂದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಿಂದಿನಿಂದ ಅಕ್ಕ ಎರಡೂ ಅಗುಳಿ ಹಾಕಿದ ಸದ್ದಾಯಿತು.

ಬೇಗ ಬರಲಾಗಲಿಲ್ಲ. ಅವನಿಗೆ ಒಂದು ಕಡೆ ಚಕ್ರದ ಗುರುತು ಕಂಡಿತು. ಅದನ್ನು ಹಿಂಬಾಲಿಸಿ ಮುಕ್ಕಾಲು ಮೈಲಿ ನಡೆದೆವು. ಕೊನೆಗೆ ಅದು ನಮ್ಮದೇ ಚಕ್ರದ ಗುರುತು ಎಂದು ತಿಳಿಯಿತು. ಹಿಂದಿರುಗುವಾಗ ನಾನು ಓಡುನಡಿಗೆ ಹಾಕಿದೆ, ಅವನು ಹಿಂದೆ ಏದುಸಿರು ಬಿಡುತ್ತಾ ಬಂದ. ಬಾಗಿಲು ತಟ್ಟಿದೆ. ಗುಟ್ಟಿನ ಮಾತು ಹೇಳಿದೆ. ಅವತ್ತು ಅದು 'ಗುಂಡುಪಿನ್ನು'. ಉತ್ತರವಿಲ್ಲ. ಮತ್ತೆ ತಟ್ಟಿ, ಅಕ್ಕಾ ಎಂದು ಕಿರುಚಿದೆ.

ಭಾವ ನನ್ನ ತೋಳು ಹಿಡಿದು ಜೀಪಿನ ಮರೆಗೆ ಎಳೆದ. ಮುಖ ಬಿಳಿಚಿಕೊಂಡಿತ್ತು. "ಶ್! ಒಳಗೆ ಯಾರೋ ಇದ್ದಾರೆ. ಅವಳ ಬಾಯಿ ಮುಚ್ಚಿದ್ದಾರೆ. ಸದ್ದು ಮಾಡ್ಬೇಡ."

"ಬಿಡಿ ಕೈ!"

"ನಿಯಮ ಇಪ್ಪತ್ತು. ಉತ್ತರ ಬರದೇ ಇದ್ರೆ ಹತ್ತಿರ ಹೋಗ್ಬಾರದು. ಹತ್ತು ನಿಮಿಷ ಕಾದು..."

ಅವನನ್ನು ತಳ್ಳಿದೆ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಅಕ್ಕನ ಗಂಡ, ಬೆನ್ನ ಮೇಲೆ ಬಿದ್ದ. ಜೀಪಿನಿಂದ ಚಕ್ರ ಬಿಚ್ಚುವ ಪಾನಾ ತೆಗೆದು ಹಿಂಬದಿಯ ಪ್ಲಾಸ್ಟಿಕ್ ಕಿಟಕಿಗೆ ಹೊಡೆದೆ. ಮೂರನೇ ಏಟಿಗೆ ಬಿರಿಯಿತು. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಉಸಿರು ಬಿಗಿಹಿಡಿದು ತೂರಿಕೊಂಡು ಹೋಗಿ ಹೀಟರ್ ಆರಿಸಿದೆ, ಅಗುಳಿ ತೆಗೆದೆ, ಅಕ್ಕನ ಕಂಕುಳಿಗೆ ಕೈಹಾಕಿ ಮೆಟ್ಟಿಲಿನಿಂದ ಕೆಳಕ್ಕೆ ಎಳೆದು ಹಾಕಿದೆ. ಅವಳ ತುಟಿ ಬಣ್ಣ ಹಚ್ಚಿದ ಹಾಗೆ ಕೆಂಪಗಿತ್ತು. ಮೂಗಿನ ಹತ್ತಿರ ಕೆನ್ನೆಯಿಟ್ಟು ನೋಡಿದೆ. ಉಸಿರಿತ್ತು, ಕಾದು ಕೂತರೆ ಒಂದು ಬರುವಷ್ಟು. ಕರೆದರೆ ಕಣ್ಣು ತೆರೆಯಲಿಲ್ಲ.

ಅವನು ಅಷ್ಟರಲ್ಲಿ ಗಾಡಿಯೊಳಗೆ ಹೊಕ್ಕು ಹಾಸಿಗೆಯ ಅಡಿಯಲ್ಲಿ ಕಳ್ಳನನ್ನು ಹುಡುಕುತ್ತಿದ್ದ.

ಬಯಲಿನ ಅಂಚಿನಲ್ಲಿ ಹಳದಿ ಯಂತ್ರ ಕಾಣಿಸಿದ್ದು ಆಗ. ನಾನು ಹುಚ್ಚಿಯಂತೆ ಕೈ ಬೀಸಿದೆ. ಕಡ್ಡಿ ಕಚ್ಚಿದ ಹೆಂಗಸು ಇಳಿದು ಬಂದು, ಅಕ್ಕನನ್ನು ನೋಡಿ, ಏನೂ ಕೇಳದೆ ರೇಡಿಯೋದಲ್ಲಿ ಆಸ್ಪತ್ರೆಯ ಗಾಡಿ ಕರೆದಳು. ಅದು ಅರ್ಧ ದಾರಿಗೆ ಬರುತ್ತದೆ, ನಾವು ಅರ್ಧ ದಾರಿ ಹೋಗಬೇಕು ಎಂದಳು. ಕ್ಯಾರವಾನನ್ನು ಜೀಪಿನಿಂದ ಬಿಚ್ಚಿಸಿ, ತಾನೇ ಜೀಪು ಓಡಿಸಿದಳು. "ವಾಪಸ್ ಹೋಗ್ತೀವಿ ಅಂದಿದ್ರಿ," ಎಂದು ದಾರಿಯಲ್ಲಿ ಒಂದೇ ಒಂದು ಸಲ ಅಂದಳು. "ನಂಬಲಿಲ್ಲ. ಇಲ್ಲಿರೋದು ಒಂದೇ ರಸ್ತೆ." ಭಾವ ಕಿಟಕಿಯಾಚೆ ನೋಡಿದ. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಬಿಡುತ್ತಿದ್ದ ಒಂದೊಂದು ಉಸಿರನ್ನೂ ನಾನು ಎಣಿಸುತ್ತಿದ್ದೆ.

ಆಸ್ಪತ್ರೆ ಅಂದರೆ ಎರಡು ಕೋಣೆ, ನಾಲ್ಕು ಮಂಚ, ಒಬ್ಬ ನರ್ಸು. ಸಂಜೆಯಿಂದ ಆಮ್ಲಜನಕ ಹಾಕಿದ್ದರು. ಬೆಳಿಗ್ಗೆ ಅಕ್ಕ ಕಣ್ಣು ತೆರೆದು ನನ್ನ ಹೆಸರು ಹಿಡಿದು ಕರೆದಾಗ ನಾನು ಹೊರಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ನಿಂತು ಗಟ್ಟಿಯಾಗಿ ಅತ್ತೆ. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ನರ್ಸು ಬಂದು ಹೋಗಿದ್ದಳು. ಭಾವ ಅಕ್ಕನ ಮಂಚದ ಪಕ್ಕ ಕೂತು ಫೋನಿನಲ್ಲಿ ತನ್ನ ಗುಂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ.

"ನರ್ಸೇ ಹೇಳಿದ್ರು, ಸ್ನೇಹಿತರೇ. ಗ್ಯಾಸ್ ಕುಡಿದಿದ್ದಾರೆ ಅಂತ. ಅವರ ಬಾಯಿಂದಲೇ ಬಂತು. ಕಿಂಡಿ ಮುಚ್ಚಿದ್ರೂ ಎಲ್ಲಿಂದಲೋ ಬಿಟ್ಟಿದ್ದಾರೆ, ಬಹುಶಃ ಬಾಗಿಲ ಸಂದಿಯಿಂದ. ನಾವು ಸುತ್ತು ಹಾಕಿ ಹತ್ತಿರ ಬಂದದ್ದು ನೋಡಿ ಓಡಿಹೋಗಿದ್ದಾರೆ. ಮುಂದಿನ ಸಲ ಬಾಗಿಲ ಸಂದಿಗೂ ಟೇಪ್ ಹಾಕ್ಬೇಕು."

ಗ್ಯಾಸ್! ಆ ಒಂದು ಪದವನ್ನು ಹಿಡಿದುಕೊಂಡು ಈ ಮುಠ್ಠಾಳ ತನ್ನ ಹೆಂಡತಿಯನ್ನು ಎರಡನೇ ಸಲ ಕೊಲ್ಲಲು ಸಿದ್ಧನಾಗುತ್ತಿದ್ದ. ಅಕ್ಕ ಬಳಲಿದ ದನಿಯಲ್ಲಿ, "ಇವರು ಹೇಳ್ತಿದ್ದದ್ದು ನಿಜ ಆಯ್ತು ನೋಡೇ. ನಾವು ನಗ್ತಿದ್ವಿ," ಎಂದಳು.

"ಅಕ್ಕಾ, ಕಳ್ಳರೂ ಇಲ್ಲ, ಗಿಳ್ಳರೂ ಇಲ್ಲ," ಎಂದೆ. "ನೀನು ಕುಡಿದದ್ದು ನಮ್ಮ ಹೀಟರ್‌ದೇ ಗ್ಯಾಸ್. ಉರಿ ಉರಿಯೋಕೆ ಗಾಳಿ ಬೇಕು, ಗಾಳಿ ಸಾಲದೇ ಹೋದ್ರೆ ವಿಷ ಆಗತ್ತೆ. ಅದಕ್ಕೇ ಗಾಡಿಗೆ ಕಿಂಡಿ ಇಟ್ಟಿರ್ತಾರೆ. ನೆಲದಲ್ಲಿ ಎರಡು, ಗೋಡೆಯಲ್ಲಿ ಒಂದು. ಈ ಮಹಾನುಭಾವರು ಮೂರಕ್ಕೂ ಟೇಪ್ ಹಾಕಿ ಸಹಿ ಮಾಡಿದ್ದಾರೆ. ಹೋಗಿ ನರ್ಸನ್ನೇ ಕೇಳಲಿ, ಯಾವ ಗ್ಯಾಸ್ ಅಂತ."

ಅವನು ಬಾಯಿ ತೆರೆದ. ಒಂದು ನಿಯಮವೂ ಹೊರಬರಲಿಲ್ಲ. ಫೋನು ಕೈಯಲ್ಲೇ ಇತ್ತು.

"ಟೇಪ್ ಹಾಕಿದ್ರಾ?" ಎಂದು ಅಕ್ಕ ಕೇಳಿದಳು.

"ನಿನ್ನ ಸುರಕ್ಷತೆಗೇ..." ಎಂದ. ಕಣ್ಣಲ್ಲಿ ನೀರು ಬಂತು. ಅವನು ಅಳುವುದನ್ನು ನಾನು ನೋಡಿರಲಿಲ್ಲ. ನನಗೆ ಖುಷಿಯಾಯಿತು, ಇಷ್ಟು ವರ್ಷದ ಬಡ್ಡಿ ಒಂದೇ ಸಲ ಬಂದ ಹಾಗಾಯಿತು. ಇನ್ನೂ ಏನೇನೋ ಹೇಳಬೇಕೆಂದು ಉಸಿರು ತೆಗೆದುಕೊಂಡೆ.

ಅಕ್ಕ ನನ್ನ ಕಡೆ ತಿರುಗಿದಳು. "ನಿನಗೆ ಹೇಗೆ ಗೊತ್ತು, ಟೇಪ್ ಹಾಕಿರೋದು?"

"ನೋಡಿದೆ. ಅಡಿಯಲ್ಲಿ ಪೈಪ್ ಪರೀಕ್ಷೆ ಮಾಡೋವಾಗ."

"ಯಾವಾಗ?"

ನಿನ್ನೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವಳು ಹಾಗೆ ನೋಡುತ್ತಿದ್ದಾಗ ಸುಳ್ಳು ಹೊರಡಲಿಲ್ಲ.

"ಮಂಗಳವಾರ."

ಅವಳು ಹೊದಿಕೆಯ ಮೇಲಿದ್ದ ಕೈಯ ಬೆರಳು ಮಡಿಚಿದಳು. ಬುಧವಾರ, ಗುರುವಾರ, ಶುಕ್ರವಾರ. "ಬುಧವಾರ ನಂಗೆ ತಲೆನೋವು ಬಂತು. ನನ್ನ ಕೈಹಿಡಿದು ಓಡಾಡಿಸ್ದೆ ನೀನು. ಆಗ ಗೊತ್ತಿತ್ತು."

"ಅಕ್ಕಾ, ನಾನು ಹೇಳೋಕೆ ಹೋದೆ, ಇವರು ಕೇಳಲಿಲ್ಲ. ಒಲೆ ರಿಪೇರಿ ಅಂದ್ರು. ನಂಗೆ..."

"ನಂಗೆ ಹೇಳ್ಬಹುದಿತ್ತು."

ನಾನು ಅವಳ ಕಾಲ ಮೇಲಿನ ಹೊದಿಕೆ ಸರಿಮಾಡಿದೆ. ಪಕ್ಕದ ಮಂಚದವರು ಕೆಮ್ಮಿದರು. ಅಕ್ಕ ಜಗಳದ ದನಿಯಲ್ಲೂ ಅಲ್ಲ, ಅಳುವ ದನಿಯಲ್ಲೂ ಅಲ್ಲ, ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಹೇಳಿದಳು: "ಇವರು ಪೆದ್ದು ಅಂತ ನಂಗೆ ಮದುವೆಯಾದ ವಾರಕ್ಕೇ ಗೊತ್ತಾಯ್ತು. ಅದಕ್ಕೇ ಅಲ್ವೇನೇ ನಿನ್ನ ಕರ್ಕೊಂಡು ಬಂದಿದ್ದು."

ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. ಅವಳು ಅವನ ಕಡೆ ಹೊರಳಿ, "ರೀ, ಸ್ವಲ್ಪ ನೀರು ಕೊಡಿ," ಎಂದಳು. ಅವನು ಎದ್ದು, ಮಂಚ ಸುತ್ತಿಕೊಂಡು ನನ್ನ ಬದಿಗೆ ಬಂದು, ನನ್ನ ಮೊಣಕೈ ಪಕ್ಕದಲ್ಲಿದ್ದ ಬಾಟಲಿ ಎತ್ತಿಕೊಂಡು ಹೋದ.